ಆತಕೂರಿನ ಕಾಳಿಯೂ ನಾಯಿಯ ಮೊಣಕಾಲಿನ ಶಸ್ತ್ರಚಿಕಿತ್ಸೆಯೂ

ಮಂಡ್ಯ ತಾಲ್ಲೂಕಿನ ಕೆರಗೋಡಿನವರಿಗೆ ನೆರೆಯ ಮದ್ದೂರು ತಾಲ್ಲೂಕಿನ ಆತಕೂರು ಅಪರಿಚಿತವಲ್ಲ. ಅಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿರುವ ಕ್ರಿ.ಶ. 949-50ರ ಶಾಸನವನ್ನು ಇತಿಹಾಸಕಾರರು ಬಹುವಾಗಿ ಬಳಸಿರುವುದು ತಕ್ಕೋಲದ ಕದನಕ್ಕಾಗಿ; ಚೋಳ ರಾಜಾದಿತ್ಯನ ಮರಣ ಅದರಲ್ಲಿ ಉಕ್ತವಾಗಿದೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ಒಂದು ನಾಯಿಗಾಗಿ. ಗಂಗ ಬೂತುಗನ ಸೇವೆಯಲ್ಲಿದ್ದ ಮಣಲೇರನು ತನ್ನ ಪರಾಕ್ರಮಕ್ಕೆ ಪ್ರತಿಫಲವಾಗಿ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಿತು; ಎರಡೂ ಸತ್ತವು. ಕಾಳಿಗೆ ಕಲ್ಲು, ಕಲ್ಲಿಗೆ ಪೂಜೆ, ಪೂಜೆಗೆ ಭೂಮಿ ಏರ್ಪಟ್ಟವು.

ಸತ್ತ ನಾಯಿಗೆ ಇಷ್ಟು ಮನ್ನಣೆಯಿದ್ದ ನಾಡಿನಲ್ಲಿ ಗಾಯಗೊಂಡು ಬದುಕಿದ ನಾಯಿಯ ಗತಿಯೇನು? ಕನ್ನಡದಲ್ಲಿ ಕೀರ್ತಿವರ್ಮನ ಗೋವೈದ್ಯವೂ ಅಭಿನವಚಂದ್ರನ ಅಶ್ವವೈದ್ಯವೂ ಇವೆ. ಉಳುಮೆಗೂ ಯುದ್ಧಕ್ಕೂ ಬೇಕಾದ ಪ್ರಾಣಿಗಳಿಗೆ ಗ್ರಂಥಗಳು ಹುಟ್ಟಿದವು. ಕಾಳಿಯ ಕುಲಕ್ಕೆ ಕಲ್ಲು ದಕ್ಕಿತು. ಈ ವ್ಯತ್ಯಾಸ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ನಾಯಿಯ ಹಿಂಗಾಲಿನ ಮೊಣಕಾಲಿನೊಳಗೆ ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಬಿಗಿದಿಡುವ ಅಸ್ಥಿರಜ್ಜುಗಳು ಅಡ್ಡಹಾಯ್ದಿವೆ. ಮುಂದಿನದು ಹರಿದರೆ ಹೆಜ್ಜೆಯಿಟ್ಟಾಗ ಕೆಳಗಿನ ಮೂಳೆ ಮುಂದಕ್ಕೆ ಜಾರುತ್ತದೆ. ನಾಯಿ ಕುಂಟುತ್ತದೆ, ಕಾಲಕ್ರಮದಲ್ಲಿ ಕೀಲು ಸವೆಯುತ್ತದೆ. ಇದು ಪೆಟ್ಟಿನಿಂದ ಮಾತ್ರವೇ ಆಗುವುದಲ್ಲ. ಅನೇಕ ವೇಳೆ ರಜ್ಜುವೇ ಮೆಲ್ಲಮೆಲ್ಲನೆ ಶಿಥಿಲವಾಗಿ ಹರಿಯುತ್ತದೆ. 1952ರಲ್ಲಿ ಫಿನ್ಲೆಂಡಿನ ಪಾಟ್ಸಾಮನು ತೊಡೆಯ ಹೊದಿಕೆಪೊರೆಯಿಂದ ಪಟ್ಟಿಯೊಂದನ್ನು ತೆಗೆದು, ಮೂಳೆಗಳಲ್ಲಿ ಕೊರೆದ ರಂಧ್ರಗಳ ಮೂಲಕ ಹಾಯಿಸಿ, ಹರಿದುದರ ಸ್ಥಾನದಲ್ಲಿ ನಿಲ್ಲಿಸುವ ವಿಧಾನವನ್ನು ಪ್ರಕಟಿಸಿದನು. ಅನಂತರ ಕೀಲಿನ ಹೊರಬದಿಯಲ್ಲೇ ಗಟ್ಟಿ ದಾರದಿಂದ ಬಿಗಿಯುವ ಕ್ರಮ ಬಂದಿತು. ಸಣ್ಣ ತಳಿಗಳಿಗೆ ಇದು ಇಂದಿಗೂ ಬಳಕೆಯಲ್ಲಿದೆ. 1993ರಲ್ಲಿ ಅಮೆರಿಕದ ಸ್ಲೋಕಮ್ ದಂಪತಿಗಳು ಪ್ರಕಟಿಸಿದ ವಿಧಾನ ರಜ್ಜುವಿನ ಗೊಡವೆಯನ್ನೇ ಬಿಟ್ಟು, ಕೆಳಗಾಲಿನ ಮೂಳೆಯ ತಲೆಯನ್ನು ಕತ್ತರಿಸಿ ಹೊರಳಿಸಿ, ಜಾರುವ ಇಳಿಜಾರನ್ನೇ ತಗ್ಗಿಸುತ್ತದೆ. ಆದರೂ 15 ಕಿಲೋಗ್ರಾಮಿಗಿಂತ ಹಗುರವಾದ ನಾಯಿಗಳಲ್ಲಿ ಹೆಚ್ಚಿನವು ಶಸ್ತ್ರಕ್ರಿಯೆಯಿಲ್ಲದೆ, ವಿಶ್ರಾಂತಿಯಿಂದಲೇ ಸುಧಾರಿಸಿದುದು 1984ರ ಅಮೆರಿಕದ ಅಧ್ಯಯನವೊಂದರಲ್ಲಿ ಕಂಡುಬಂದಿದೆ. ಆದುದರಿಂದ ಪುಟ್ಟ ನಾಯಿಗೆ ಕತ್ತಿ ಬೇಕೇ ಎಂಬ ವಿವಾದ ಇನ್ನೂ ಮುಗಿದಿಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಸ್ಥಾಪಿತವಾದುದು 1958ರಲ್ಲಿ. ಅದರ ಹೆಸರಿನಲ್ಲಿರುವುದೂ ಪಶುವೇ. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಎಡೆಯಾದುದು ನಾಯಿ ಬೇಟೆಯನ್ನೂ ಕಾವಲನ್ನೂ ಬಿಟ್ಟು ಮನೆಯೊಳಗೆ ಬಂದ ಮೇಲೆ, ಯಾವ ಕೆಲಸವನ್ನೂ ಮಾಡದ ಪುಟ್ಟ ನಾಯಿ ಕುಂಟಿದರೂ ಒಡೆಯನು ಹಣ ತೆರಲು ಸಿದ್ಧನಾದ ಮೇಲೆ. ಮಣಲೇರನ ಪ್ರೀತಿ ಇದಕ್ಕಿಂತ ಕಡಿಮೆಯದೆಂದು ಹೇಳಲಾಗದು. ಆದರೆ ಆತಕೂರಿನ ಕಲ್ಲಿನ ಮೇಲೆ ಕಂಡರಿಸಿರುವುದು ಹಂದಿಯೊಡನೆ ಹೆಣಗುತ್ತಿರುವ ಕಾಳಿಯನ್ನು. ಕಾಲು ಮುರಿದು ಊರಿಗೆ ಮರಳಿದ ಬೇಟೆನಾಯಿಗೆ ಅಂಥ ಕಲ್ಲು ಏಳುತ್ತಿರಲಿಲ್ಲ.