ಸೆಟ್ಟಿನ ಗೊಂದಲ, ತಂಡದ ದುಡಿಮೆ: ‘ಲಿವಿಂಗ್ ಇನ್ ಒಬ್ಲಿವಿಯನ್’ ಚಿತ್ರದ ಒಂದು ಓದು

ಚಿತ್ರೀಕರಣವನ್ನೇ ವಸ್ತುವಾಗಿಸಿಕೊಂಡ ಸಿನಿಮಾಗಳನ್ನು ನಿರ್ದೇಶಕನ ಅಂತರಂಗದ ಕಥೆಗಳೆಂದು ಓದುವ ರೂಢಿಯಿದೆ. ಇದಕ್ಕೆ ಮೇಲ್ಪಂಕ್ತಿ ಹಾಕಿದ್ದು ಫೆಲಿನಿಯ ‘8½’ (1963). ಅಮೆರಿಕದ ಟಾಮ್ ಡಿಸಿಲೊ ಬರೆದು ನಿರ್ದೇಶಿಸಿದ ‘ಲಿವಿಂಗ್ ಇನ್ ಒಬ್ಲಿವಿಯನ್’ (1995) ಕೂಡ ಹಾಗೆ ಓದಿಸಿಕೊಳ್ಳಬಹುದು. ಸ್ಟೀವ್ ಬುಸೆಮಿ ನಟಿಸಿರುವ ನಿಕ್ ಎಂಬ ನಿರ್ದೇಶಕ ಕಡಿಮೆ ದುಡ್ಡಿನಲ್ಲಿ ಚಿತ್ರ ಮಾಡಲು ಹೆಣಗುತ್ತಾನೆ. ಅವನ ಆತಂಕವೇ ಕಥೆಯ ಎಳೆ. ಆದರೆ ಈ ಚಿತ್ರದ ಕರಾಳ ಹಾಸ್ಯದ ಮೂಲ ಇರುವುದು ಸೆಟ್ಟಿನಲ್ಲಿ ಹಂಚಿಹೋಗಿರುವ ದುಡಿಮೆಯಲ್ಲಿ ಎಂಬುದು ನನ್ನ ವಾದ. ಪ್ರತಿಭೆಯಾಗಲಿ ಅದೃಷ್ಟವಾಗಲಿ, ಅದನ್ನು ಹಿಡಿಯಲು ತಂಡ ಸಿದ್ಧವಾಗಿದ್ದಾಗಲಷ್ಟೇ ಸಿನಿಮಾ ಆಗುತ್ತದೆ.

ಚಿತ್ರದ ಮೂರು ಭಾಗಗಳ ರಚನೆಯೇ ಇದಕ್ಕೆ ಆಧಾರ. ಮೊದಲ ಭಾಗದಲ್ಲಿ ಸೆಟ್ಟಿನ ಬದುಕು ಕಪ್ಪು-ಬಿಳುಪು, ಕ್ಯಾಮೆರಾ ಕಂಡದ್ದು ಬಣ್ಣ. ಎರಡನೆಯದರಲ್ಲಿ ಇದು ತಿರುವುಮುರುವಾಗುತ್ತದೆ. ಮೊದಲ ಭಾಗದಲ್ಲಿ ಒಂದೇ ದೃಶ್ಯ ಮತ್ತೆ ಮತ್ತೆ ಕೆಡುತ್ತದೆ: ಬೂಮ್ ಮೈಕ್ ಚೌಕಟ್ಟಿನೊಳಗೆ ಇಳಿಯುತ್ತದೆ, ಫೋಕಸ್ ತಪ್ಪುತ್ತದೆ, ಹೊರಗಿನ ಸದ್ದು ನುಗ್ಗುತ್ತದೆ. ನಟಿ ನಿಕೋಲ್ (ಕ್ಯಾಥರೀನ್ ಕೀನರ್) ಕೊನೆಗೆ ಮನ ಕಲಕುವಂತೆ ಅಭಿನಯಿಸುವಾಗ ಛಾಯಾಗ್ರಾಹಕ ಕೆಟ್ಟ ಹಾಲು ಕುಡಿದು ವಾಂತಿ ಮಾಡಿಕೊಳ್ಳುತ್ತಿರುತ್ತಾನೆ, ಕ್ಯಾಮೆರಾ ಓಡುತ್ತಿಲ್ಲ. ಅಭಿನಯ ಅಲ್ಲಿತ್ತು, ಸಿನಿಮಾ ಇರಲಿಲ್ಲ. ಎರಡನೆಯ ಭಾಗದಲ್ಲಿ ತಾರಾನಟ ಚಾಡ್ ತನಗೆ ತೋಚಿದಂತೆ ನಿಲ್ಲುವ ಜಾಗ ಬದಲಿಸುತ್ತಾನೆ. ಒಬ್ಬನ ಅಹಂಕಾರ ಉಳಿದೆಲ್ಲರ ದುಡಿಮೆಯನ್ನು ಹೇಗೆ ವ್ಯರ್ಥಗೊಳಿಸುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ತೋರಿಸುವುದು ಆ ದುಡಿಮೆಯನ್ನು ಬಲ್ಲವರಿಗೇ ಸಾಧ್ಯ. ಜಿಮ್ ಜಾರ್ಮುಶ್‌ನ ‘ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್’ (1984) ಚಿತ್ರಕ್ಕೆ ಛಾಯಾಗ್ರಹಣ ಮಾಡಿದವನು ಡಿಸಿಲೊ ಎಂಬುದನ್ನು ಇಲ್ಲಿ ನೆನೆಯಬೇಕು.

ಇದಕ್ಕೆ ಎರಡು ಆಕ್ಷೇಪಗಳು ಏಳಬಹುದು. ಮೊದಲನೆಯ ಭಾಗ ನಿಕ್‌ನ ಕನಸು, ಎರಡನೆಯದು ನಿಕೋಲಳ ಕನಸು ಎಂದು ತಿಳಿದ ಮೇಲೆ ಎಲ್ಲವೂ ಮತ್ತೆ ವ್ಯಕ್ತಿಯ ಮನಸ್ಸಿಗೇ ಮರಳಿತಲ್ಲವೇ? ಮರಳುವುದಿಲ್ಲ. ಅವರ ದುಃಸ್ವಪ್ನಗಳನ್ನು ತುಂಬಿರುವುದು ಇತರರ ಕೆಲಸ ಕೆಡುವ ಭಯ. ಕನಸಿನಲ್ಲೂ ಅವರು ಒಂಟಿ ಕಲಾವಿದರಲ್ಲ. ಎರಡನೆಯ ಆಕ್ಷೇಪ ಹೆಚ್ಚು ಬಲವಾದುದು. ಮೂರನೆಯ ಭಾಗದಲ್ಲಿ ಕನಸಿನ ದೃಶ್ಯವೊಂದರ ಚಿತ್ರೀಕರಣದ ನಡುವೆ ಟಿಟೊ ಎಂಬ ಕುಬ್ಜಕಾಯದ ನಟ (ಪೀಟರ್ ಡಿಂಕ್ಲೇಜ್), ಕನಸೆಂದರೆ ತನ್ನಂಥವನನ್ನು ತಂದು ನಿಲ್ಲಿಸುವ ಸವಕಲು ಪದ್ಧತಿಯನ್ನು ಪ್ರತಿಭಟಿಸಿ ಹೊರನಡೆಯುತ್ತಾನೆ. ಆಗ ನಿಕ್‌ನ ವೃದ್ಧ ತಾಯಿ ಕರೆಯದೆಯೇ ನುಗ್ಗಿ ದೃಶ್ಯವನ್ನು ಉಳಿಸುತ್ತಾಳೆ. ಹಾಗಾದರೆ ಚಿತ್ರ ಹೊಗಳುತ್ತಿರುವುದು ಆಕಸ್ಮಿಕವನ್ನಲ್ಲವೇ? ಮೊದಲ ಭಾಗದ ಆಕಸ್ಮಿಕವೂ ಇಷ್ಟೇ ಶ್ರೇಷ್ಠವಾಗಿತ್ತು, ಆದರೂ ಕಳೆದುಹೋಯಿತು. ಎರಡಕ್ಕೂ ಇರುವ ವ್ಯತ್ಯಾಸ, ಈ ಬಾರಿ ಅದನ್ನು ಸೆರೆಹಿಡಿಯುವವರು ಇದ್ದರು ಎಂಬುದು. ಟಿಟೊನ ಸಿಟ್ಟೂ ಇದೇ ವಾದದ ಭಾಗ: ತಂಡದ ಒಬ್ಬನನ್ನು ಬರೀ ಅಲಂಕಾರವಾಗಿ ಬಳಸಿಕೊಂಡ ನಿರ್ದೇಶಕನ ದೃಶ್ಯ ನಿಲ್ಲಲಿಲ್ಲ.

ಕೊನೆಗೆ ರೂಮ್ ಟೋನ್, ಅಂದರೆ ಯಾರೂ ಮಾತಾಡದಿರುವಾಗಿನ ಸೆಟ್ಟಿನ ಸದ್ದಿನ ಮುದ್ರಣ ನಡೆಯುತ್ತದೆ. ಸಂಕಲನದಲ್ಲಿ ಮಾತುಗಳ ನಡುವಿನ ತೆರಪು ತುಂಬಲು 30 ಸೆಕೆಂಡು ಎಲ್ಲರೂ ಅಲುಗಾಡದೆ ನಿಲ್ಲಬೇಕು. ಒಬ್ಬೊಬ್ಬರ ಮನಸ್ಸಿನಲ್ಲೂ ಒಂದೊಂದು ಹಗಲುಗನಸು. ಆದರೆ ಒಬ್ಬರು ಕೆಮ್ಮಿದರೂ ಎಲ್ಲರ ಕೆಲಸ ಕೆಡುತ್ತದೆ. ಖಾಸಗಿ ಆಸೆಗಳು ಬೇರೆಯಾಗಿದ್ದೂ ಕೆಲಸ ಒಂದಾಗಬಲ್ಲದು ಎಂಬುದನ್ನು ಚಿತ್ರ ಇಲ್ಲಿ ಸಾಧಿಸಿ ತೋರಿಸುತ್ತದೆ. ಸನ್‌ಡ್ಯಾನ್ಸ್ ಉತ್ಸವದಲ್ಲಿ ಚಿತ್ರಕಥೆಗೆ ಬಂದ ವಾಲ್ಡೊ ಸಾಲ್ಟ್ ಪ್ರಶಸ್ತಿ ಸಂದದ್ದು ಒಬ್ಬ ಲೇಖಕನಿಗೆ. ಆ ಲೇಖಕ ಬರೆದದ್ದಾದರೋ ಹೆಸರು ಮುನ್ನೆಲೆಗೆ ಬಾರದ ದುಡಿಮೆಗಾರರ ಕಥೆ. ಸಿನಿಮಾ ವಿಮರ್ಶೆ ಕರ್ತೃತ್ವವನ್ನು ಅಳೆಯುವಾಗ ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.