ತಸದಾಯ್ ವಿವಾದ ಮತ್ತು ಮನೋಬೊ ಭಾಷೆಗಳ ಸಾಕ್ಷ್ಯ

ಫಿಲಿಪ್ಪೀನ್ಸ್‌ನ ದಕ್ಷಿಣದ ದೊಡ್ಡ ದ್ವೀಪವಾದ ಮಿಂಡನಾವೊದ ಬೆಟ್ಟಸಾಲುಗಳಲ್ಲೂ ನದೀಕಣಿವೆಗಳಲ್ಲೂ ಹರಡಿಕೊಂಡಿರುವ ಅನೇಕ ಮೂಲನಿವಾಸಿ ಸಮುದಾಯಗಳ ನುಡಿಗಳನ್ನು ಭಾಷಾವಿಜ್ಞಾನಿಗಳು ಮನೋಬೊ ಎಂಬ ಒಂದೇ ವರ್ಗದಲ್ಲಿ ಸೇರಿಸುತ್ತಾರೆ. ಆಸ್ಟ್ರೊನೇಷ್ಯನ್ ಭಾಷಾ ಪರಿವಾರಕ್ಕೆ ಸೇರಿದ ಈ ವರ್ಗವು ಉತ್ತರದ ಬಿನುಕಿಡ್‌ನಿಂದ ದಕ್ಷಿಣದ ಕೊಟಬಾಟೊ ಮತ್ತು ಸಾರಂಗಾನಿ ಮನೋಬೊಗಳವರೆಗೆ ವ್ಯಾಪಿಸಿದೆ. ಕಗಯಾನೆನ್ ಎಂಬ ನುಡಿಯಂತೂ ಮಿಂಡನಾವೊವನ್ನು ಬಿಟ್ಟು ಸುಲು ಸಮುದ್ರದ ಪುಟ್ಟ ದ್ವೀಪಗಳಲ್ಲಿ ನೆಲೆಗೊಂಡಿದೆ. ಈ ನುಡಿಗಳನ್ನು ಹೋಲಿಸಿ ಮೂಲ-ಮನೋಬೊ ಪದಪಟ್ಟಿಯೊಂದನ್ನು ರಿಚರ್ಡ್ ಎಲ್ಕಿನ್ಸ್ 1974ರಲ್ಲಿ ಪ್ರಕಟಿಸಿದರು. ಈ ಜನರ ಪ್ರಾಚೀನ ಚರಿತ್ರೆಯನ್ನು ಅರಸುವವರಿಗೆ ಅವರದೇ ಶಾಸನಗಳಾಗಲಿ ಕಡತಗಳಾಗಲಿ ದೊರೆಯುವುದಿಲ್ಲ. ಆದುದರಿಂದ ಇಲ್ಲಿ ಮಾತೇ ಮುಖ್ಯ ಆಕರ. ಆ ಆಕರದ ಬೆಲೆ ಎಷ್ಟೆಂಬುದು ಸ್ಪಷ್ಟವಾದದ್ದು ತಸದಾಯ್ ವಿವಾದದಲ್ಲಿ.

1971ರಲ್ಲಿ, ರಾಷ್ಟ್ರಾಧ್ಯಕ್ಷ ಮಾರ್ಕೋಸ್ ಅವರ ಆಡಳಿತದಲ್ಲಿ ಅಲ್ಪಸಂಖ್ಯಾತ ಬುಡಕಟ್ಟುಗಳ ವ್ಯವಹಾರವನ್ನು ನೋಡುತ್ತಿದ್ದ ಮ್ಯಾನುವೆಲ್ ಎಲಿಸಾಲ್ಡೆ, ದಕ್ಷಿಣ ಕೊಟಬಾಟೊದ ಮಳೆಕಾಡಿನಲ್ಲಿ 26 ಜನರ ಒಂದು ಗುಂಪನ್ನು ಕಂಡುದಾಗಿ ಪ್ರಕಟಿಸಿದರು. ಅವರು ಗುಹೆಗಳಲ್ಲಿ ವಾಸಿಸುವರು, ಕಲ್ಲಿನ ಉಪಕರಣಗಳನ್ನು ಬಳಸುವರು, ಬೇಸಾಯವನ್ನೇ ಅರಿಯರು ಎಂಬ ವರದಿಗಳು ಬಂದವು. ಶಿಲಾಯುಗವೇ ಜೀವಂತವಾಗಿ ಉಳಿದಿದೆಯೆಂದು ಜಗತ್ತಿನ ಪತ್ರಿಕೆಗಳು ಸಾರಿದವು. 1972ರಲ್ಲಿ ತಸದಾಯ್ ಹಾಗೂ ನೆರೆಯ ಬ್ಲಿತ್ ಮನೋಬೊಗಳಿಗಾಗಿ ಸುಮಾರು 19,000 ಹೆಕ್ಟೇರ್ ಅರಣ್ಯವನ್ನು ಮೀಸಲಿಡಲಾಯಿತು. ಮಾರ್ಕೋಸ್ ಪದಚ್ಯುತರಾದ 1986ರಲ್ಲಿ ಸ್ವಿಸ್ ಪತ್ರಕರ್ತ ಓಸ್ವಾಲ್ಡ್ ಈಟೆನ್ ಆ ಸ್ಥಳಕ್ಕೆ ಹೋಗಿ, ಗುಹೆಗಳು ಬರಿದಾಗಿವೆ, ಇಡೀ ಪ್ರಕರಣವೇ ಒಂದು ನಾಟಕ ಎಂದು ಬರೆದರು. ಶಿಲಾಯುಗದ ಮಾನವರೆನಿಸಿದ್ದವರು ಈಗ ವೇಷಧಾರಿಗಳೆನಿಸಿದರು. ಇವೆರಡೂ ತೀರ್ಪುಗಳು ಹೊರಗಿನವರು ನೀಡಿದವುಗಳೇ.

ಭಾಷೆಯ ಸಾಕ್ಷ್ಯ ಈ ಎರಡು ತುದಿಗಳನ್ನೂ ಒಪ್ಪುವುದಿಲ್ಲ. ತಸದಾಯ್ ನುಡಿ ಕೊಟಬಾಟೊ ಮನೋಬೊದ ಒಂದು ಉಪಭಾಷೆ. ಅದನ್ನಾಡುವವರು ಅನಾದಿಕಾಲದಿಂದ ಲೋಕಸಂಪರ್ಕವಿಲ್ಲದೆ ಇದ್ದಿದ್ದರೆ, ಸುತ್ತಲಿನ ಬೇಸಾಯಗಾರರ ನುಡಿಗೆ ಇಷ್ಟು ಸಮೀಪವಾಗಿ ಉಳಿಯುವುದು ಸಾಧ್ಯವಿರಲಿಲ್ಲ. ಅಲ್ಲದೆ ಭತ್ತ, ಒರಳು ಮುಂತಾದ ಪದಗಳು ಮೂಲ ಆಸ್ಟ್ರೊನೇಷ್ಯನ್ ಭಾಷೆಗೇ ಸಲ್ಲುವಂಥವು. ಆ ಮೂಲ ಭಾಷೆಯನ್ನಾಡುತ್ತಿದ್ದವರು ಬೆಳೆ ಬೆಳೆದವರೇ ಆಗಿರಬೇಕು. ಆದರೆ ಇದು ವಂಚನೆಗೆ ಪುರಾವೆಯಾಗದು. 1972ರಲ್ಲಿ ಗುಹೆಗಳಲ್ಲಿ ಧ್ವನಿಮುದ್ರಿಸಿದ ಮಾತುಕತೆಗಳನ್ನು ಹವಾಯಿಯ ಭಾಷಾವಿಜ್ಞಾನಿ ಲಾರೆನ್ಸ್ ರೀಡ್ ಪರಿಶೀಲಿಸಿದರು. ಮೊದಲು ಸಂದೇಹದಲ್ಲಿದ್ದ ಅವರು, ಈ ನುಡಿ ಬ್ಲಿತ್ ನುಡಿಗಿಂತ ಭಿನ್ನವಾದುದೆಂದೂ ಜನರು ನಟಿಸುತ್ತಿದ್ದರೆಂಬುದಕ್ಕೆ ಆಧಾರವಿಲ್ಲವೆಂದೂ ಕಂಡುಕೊಂಡರು. ಪ್ರತ್ಯೇಕವಾಸ ನಿಜ, ಆದರೆ ಅದು ಕೆಲವು ತಲೆಮಾರುಗಳದು, ಬಹುಶಃ 150 ವರ್ಷಗಳನ್ನು ಮೀರದು ಎಂಬುದು ಅವರ ಅಭಿಪ್ರಾಯ. ಈ ನಿರ್ಣಯವೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ಯಾವುದೋ ಕಾರಣಕ್ಕೆ ಕಾಡಿನೊಳಕ್ಕೆ ಸರಿದ ಒಂದೆರಡು ಕುಟುಂಬಗಳ ಸಂತತಿ ಇವರೆಂದು ಊಹಿಸಲು ಅದು ಎಡೆಮಾಡುತ್ತದೆ.

ಇದೇ ದಶಕದಲ್ಲಿ, 1977ರಲ್ಲಿ, ಎಲೆನಾ ಮಕಿಸೊ ಅವರು ಮನೋಬೊ ಗಾಯಕರಿಂದ ಸಂಗ್ರಹಿಸಿದ ಉಲಾಹಿಂಗನ್ ಮಹಾಕಾವ್ಯದ ಭಾಗಗಳನ್ನು ಪ್ರಕಟಿಸಿದರು. ಗುಹೆಯ ಚಿತ್ರಗಳಿಗೆ ದೊರೆತ ಮನ್ನಣೆಯ ಶತಾಂಶವೂ ಈ ಗಾಯಕರಿಗೆ ದೊರೆಯಲಿಲ್ಲ.

ವಿವಾದದ ಅಡಿಯಲ್ಲಿದ್ದುದು ಭೂಮಿ. ಅರಣ್ಯದ ಮರ ಮತ್ತು ಖನಿಜಗಳ ಮೇಲೆ ಕಣ್ಣಿಟ್ಟಿರುವರೆಂದು ಉಭಯ ಪಕ್ಷದವರೂ ಪರಸ್ಪರ ಆರೋಪಿಸಿದರು. ತಸದಾಯ್‌ಗಳು ಸುಳ್ಳೆಂದು ಸಿದ್ಧವಾದರೆ ಮೀಸಲಿಗೆ ಆಧಾರವೇ ಇರದೆಂಬ ವಾದವೂ ಅದರೊಂದಿಗಿತ್ತು, ಬ್ಲಿತ್ ಮನೋಬೊಗಳು ಸುಳ್ಳೆಂದು ಯಾರೂ ಹೇಳಿರದಿದ್ದರೂ. 1997ರ ಮೂಲನಿವಾಸಿಗಳ ಹಕ್ಕುಗಳ ಕಾಯಿದೆಯು ಈ ಪ್ರಶ್ನೆಯನ್ನು ಬೇರೆ ನೆಲೆಗೆ ತಂದಿತು. ಸಮಾನ ಭಾಷೆ ಮತ್ತು ಆಚಾರಗಳ ಬಂಧವನ್ನು ಅದು ಸಮುದಾಯದ ಲಕ್ಷಣಗಳಲ್ಲಿ ಹೇಳುತ್ತದೆ, ನೆನಪು ಹೋಗುವಷ್ಟು ದೂರದ ಕಾಲದಿಂದ ನಡೆದುಬಂದ ಸ್ವಾಧೀನವನ್ನು ಭೂಮಿಯ ಹಕ್ಕಿಗೆ ಆಧಾರವಾಗಿ ಮನ್ನಿಸುತ್ತದೆ. ಕಲ್ಲಿನ ಕೊಡಲಿಯನ್ನು ತೋರಿಸಬೇಕೆಂದು ಅದು ಕೇಳುವುದಿಲ್ಲ.