ಹೋಲ್ಡ್‌ಓವರ್ ಗೆರೆಗಳು

ಕೋವಿಯ ಸ್ಕೋಪಿನಲ್ಲಿ, ಗುರಿಯ ನಡುಬಿಂದುವಿನ ಕೆಳಗೆ ಒಂದರಡಿ ಒಂದಾಗಿ ಕಾಣುವ ಅಡ್ಡಗೀಟುಗಳು ಅಥವಾ ಚುಕ್ಕೆಗಳು. ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೊರಟ ಗುಂಡು 300 ಮೀಟರ್ ಮುಟ್ಟುವಷ್ಟರಲ್ಲಿ ನಳಿಗೆಯ ನೇರದಿಂದ ಮುಕ್ಕಾಲು ಮೀಟರಿಗೂ ಹೆಚ್ಚು ಇಳಿದಿರುತ್ತದೆ. ಸ್ಕೋಪನ್ನು 100 ಅಥವಾ 200 ಮೀಟರಿಗೆ ಹೊಂದಿಸಿಕೊಂಡವರು ಅದರಾಚೆಯ ಗುರಿಗೆ ಕೋವಿಯನ್ನು ತುಸು ಎತ್ತಿ ಹಿಡಿಯಬೇಕು. ಎಷ್ಟು ಎತ್ತಬೇಕೆಂಬುದನ್ನು ಈ ಗೆರೆಗಳು ತೋರಿಸುತ್ತವೆ.

ಗೆರೆ ಬರುವ ಮೊದಲು ಈ ಲೆಕ್ಕ ಲೋಹದಲ್ಲಿತ್ತು. 1853ರ ಎನ್‌ಫೀಲ್ಡ್ ಬಂದೂಕಿಗೆ ಏಣಿಯಂಥ ಗುರಿಪಟ್ಟಿಯಿತ್ತು. ದೂರ ಹೆಚ್ಚಿದಂತೆ ಅದರ ಜಾರುಪಟ್ಟಿಯನ್ನು ಮೇಲಕ್ಕೆ ಸರಿಸುತ್ತಿದ್ದರು. ಶಿಕಾರಿ ರೈಫಲುಗಳಿಗೆ ಮಡಚುವ ಗುರಿ-ಎಲೆಗಳಿದ್ದವು, ದೂರಕ್ಕೊಂದರಂತೆ. ಆದರೆ ಮೈಸೂರು ಸಂಸ್ಥಾನದಲ್ಲಿ ಆನೆ ಹಿಡಿಸುತ್ತಿದ್ದ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಬೇಟೆಯ ಪುಸ್ತಕದ ಕಾಡು ಬಿದಿರುಮೆಳೆಗಳ ಕಾಡು. ಅಲ್ಲಿ ಆನೆ, ಕಾಟಿ ಎದುರಾಗುತ್ತಿದ್ದುದೇ ಹತ್ತಾರು ಗಜಗಳಲ್ಲಿ. ಬೇಕಾದದ್ದು ಭಾರದ ಗುಂಡು, ದೂರದ ಲೆಕ್ಕವಲ್ಲ.

ಗಾಜಿನ ಮೇಲೆ ಲೆಕ್ಕ ಬರೆಯುವುದನ್ನು ಬೆಳೆಸಿದ್ದು ಸೈನ್ಯಗಳು. 1963ರಲ್ಲಿ ಸೋವಿಯತ್ ಸೇನೆ ಸೇರಿದ ಡ್ರಾಗುನೊವ್ ರೈಫಲಿನ ಪಿಎಸ್‌ಓ-1 ಸ್ಕೋಪಿನಲ್ಲಿ 1000 ಮೀಟರ್‌ವರೆಗೆ ಎತ್ತರ ಹೊಂದಿಸುವ ತಿರುಗುಗುಂಡಿ ಸಾಕಾಗುತ್ತಿತ್ತು. 1100, 1200, 1300 ಮೀಟರಿಗೆ ಕೆಳಗಿನ ಮೂರು ಬಾಣತುದಿಗಳಿದ್ದವು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಮರೀನ್ ಪಡೆ ಮಿಲ್ ಅಳತೆಯ ಚುಕ್ಕೆಗಳನ್ನು, ಅಂದರೆ ಮಿಲ್‌ಡಾಟ್ ತಂದಿತು. ಒಂದು ಮಿಲ್ ಎಂದರೆ 100 ಮೀಟರಿನಲ್ಲಿ 10 ಸೆಂ.ಮೀ., 1000 ಮೀಟರಿನಲ್ಲಿ ಒಂದು ಮೀಟರ್. 1990ರ ದಶಕದಲ್ಲಿ ಲೇಸರ್ ದೂರಮಾಪಕ ಬೇಟೆಗಾರರ ಕೈಗೂ ಬಂದಮೇಲೆ ಸ್ಕೋಪ್ ತಯಾರಕರು ಅವರಿಗೂ ಇಂಥ ಗೆರೆಗಳನ್ನು ಮಾರತೊಡಗಿದರು.

ಈ ಗೆರೆಗಳನ್ನು ಕುರುಡಾಗಿ ನಂಬುವುದು ಪ್ರಾಣಿಗೆ ಮಾಡುವ ಕ್ರೌರ್ಯ. ಗುಂಡಿನ ತೂಕ, ವೇಗ ಬದಲಾದರೆ ಲೆಕ್ಕ ತಪ್ಪುತ್ತದೆ. ಬಹಳ ಸ್ಕೋಪುಗಳಲ್ಲಿ ಅದು ಬಿಂಬ ಹಿಗ್ಗಿಸುವ ಒಂದೇ ಒಂದು ಮಟ್ಟಕ್ಕೆ ಮಾತ್ರ ಸರಿ. ದುಬೈನ ಜೆಬೆಲ್ ಅಲಿಯ ಬೇಸಿಗೆಯಂಥ 40 ಡಿಗ್ರಿ ದಾಟಿದ ಸೆಕೆಯಲ್ಲಿ ಗಾಳಿ ತೆಳುವಾಗಿ, ಮದ್ದು ಬಿಸಿಯೇರಿ, ಚಳಿಯಲ್ಲಿ ಹೊಂದಿಸಿದ ಕೋವಿಯ ಗುಂಡು ತುಸು ಮೇಲಕ್ಕೇ ಬೀಳುತ್ತದೆ. ಕಾದ ಮರಳಿನ ಮೇಲಿನ ಬಿಸಿಗಾಳಿ ಗುರಿಯನ್ನೇ ಅಲುಗಾಡಿಸಿ ತೋರಿಸುತ್ತದೆ. ತಪ್ಪಿದ ಗುಂಡು ಪ್ರಾಣಿಯನ್ನು ಕೊಲ್ಲದೆ ಗಾಯಗೊಳಿಸಿ ಬಿಡುತ್ತದೆ.

ಇಂಥ ಮರಳಿನ ನಾಡಾದ ಅರೇಬಿಯಾದ ಬಯಲಲ್ಲಿ ಮೊದಲು ಬೇಟೆ ಡೇಗೆ ಮತ್ತು ಸಲೂಕಿ ನಾಯಿಯದು. ಕಾರು, ರೈಫಲು ಸೇರಿದ ಮೇಲೆ ಅಡಗಲು ಮರವಿಲ್ಲದ ಓರಿಕ್ಸ್ ಎಂಬ ಹುಲ್ಲೆ ಉಳಿಯಲಿಲ್ಲ: 1972ರ ಹೊತ್ತಿಗೆ ಅದು ಬಯಲಿನಿಂದ ಅಳಿಯಿತು. ಮೃಗಾಲಯಗಳಲ್ಲಿ ಸಾಕಿದ ತಳಿಯನ್ನು 1982ರಲ್ಲಿ ಒಮಾನಿನಲ್ಲಿ ಮತ್ತೆ ಬಿಟ್ಟರು. ಮರುವರ್ಷವೇ ಯುಎಇ ಬೇಟೆ ನಿಯಂತ್ರಣದ ಒಕ್ಕೂಟ ಕಾನೂನು ತಂದಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಬಿಗಿಗೊಳಿಸಿತ್ತು. 1991ರ ತಿದ್ದುಪಡಿ ಉಳಿದ ಬಾಗಿಲನ್ನೂ ಮುಚ್ಚಿತು. ಹೀಗೆ ಹೋಲ್ಡ್‌ಓವರ್ ಸ್ಕೋಪು ಅಂಗಡಿಗೆ ಬರುವ ಹೊತ್ತಿಗೆ ಕರ್ನಾಟಕದಲ್ಲಿ ಕಾನೂನುಬದ್ಧ ಶಿಕಾರಿಯೇ ಮುಗಿದಿತ್ತು, ಅದು ಒಳ್ಳೆಯದೇ ಆಯಿತು. ಕೊಡಗಿನಲ್ಲಿ ಮಾತ್ರ ಪರವಾನಗಿಯ ವಿನಾಯಿತಿಯಿಂದ ಕೋವಿ ಮನೆಯಲ್ಲಿ ಉಳಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಂದಿಗೂ ನಡೆಯುತ್ತದೆ.

ಜೆಬೆಲ್ ಅಲಿಯಲ್ಲೂ ಗುರಿ ಪ್ರಾಣಿಯಲ್ಲ: ಅಲ್ಲಿನ ಶೂಟಿಂಗ್ ಕ್ಲಬ್ ಹೆಸರಾದದ್ದು ಹಾರುವ ಮಣ್ಣಿನ ಬಿಲ್ಲೆಗಳ ಆಟಕ್ಕೆ. ಆ ಆಟದಲ್ಲಿ ಲೆಕ್ಕ ಮೇಲಕ್ಕಲ್ಲ, ಹಾರುವ ಬಿಲ್ಲೆಯ ಮುಂದಕ್ಕೆ. ಆ ಬಗೆಯ ಡಬಲ್ ಟ್ರ್ಯಾಪ್‌ನಲ್ಲೇ ದುಬೈನ ಶೇಖ್ ಅಹ್ಮದ್ ಬಿನ್ ಹಶೆರ್ ಅಲ್ ಮಕ್ತೂಮ್ 2004ರ ಅಥೆನ್ಸ್‌ನಲ್ಲಿ ಯುಎಇಗೆ ಮೊದಲ ಒಲಿಂಪಿಕ್ ಪದಕ ತಂದರು, ಅದೂ ಚಿನ್ನ. ಬೆಳ್ಳಿ ಗೆದ್ದವರು ಭಾರತದ ರಾಜ್ಯವರ್ಧನ್ ಸಿಂಗ್ ರಾಥೋಡ್.